ಕೆರೆಯಂಚಿನ ಮೀನುಗಾರಿಕೆಯೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಬೇಟೆಗಾರ್ತಿಯರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಪೆರು ದೇಶದ ಆಂಡಿಸ್ ಬೆಟ್ಟಸಾಲಿನ ಸುಮಾರು 9,000 ವರ್ಷ ಹಳೆಯ ಸಮಾಧಿಯೊಂದರಲ್ಲಿ ಈಟಿಯ ಕಲ್ಲುಮೊನೆಗಳ ಜೊತೆ ಸಿಕ್ಕ ಮೂಳೆಗಳು ಹರೆಯದ ಹೆಣ್ಣಿನವು ಎಂದು 2020ರಲ್ಲಿ ಪ್ರಕಟವಾದ ಸಂಗತಿ ಅದರಲ್ಲಿತ್ತು. 2023ರಲ್ಲಿ ಇನ್ನೊಂದು ತಂಡ 63 ಸಮಾಜಗಳ ದಾಖಲೆ ತಿರುವಿ ಹಾಕಿ, 50ರಲ್ಲಿ ಹೆಂಗಸರೂ ಬೇಟೆಯಾಡುತ್ತಾರೆ ಎಂದದ್ದೂ ಇತ್ತು. ಆ ಎಣಿಕೆ ಹಿಗ್ಗಿಸಿದ್ದು ಎಂದು ಆಮೇಲೆ ಬೇರೆ ಸಂಶೋಧಕರು ತಕರಾರು ತೆಗೆದಿದ್ದಾರೆ. ಅದು ಮಾತ್ರ ಬಿಟ್ಟುಹೋಗಿತ್ತು. ಆ ತಕರಾರಿನ ತಿರುಳೂ ನಮಗೆ ಬೇಕಾದದ್ದೇ: ಯಾವುದನ್ನು ಬೇಟೆ ಎಂದು ಎಣಿಸಬೇಕು, ವರ್ಷಕ್ಕೊಮ್ಮೆ ಹೋದರೂ ಲೆಕ್ಕವೇ, ಸಣ್ಣ ಪ್ರಾಣಿ ಹಿಡಿದರೆ ಲೆಕ್ಕವೇ?

ನಾವು ಬರೆಯುತ್ತಿರುವುದು ಲೇಖನದ ಕೊನೆಯ ಭಾಗದ ಬಗ್ಗೆ. ನಮ್ಮ ಕಡೆ ಮೀನು ಹಿಡಿಯುವುದು ಗಂಡಸರ ಕೆಲಸ, ಹೆಂಗಸರದು ಮಾರಾಟ ಎಂಬಂತೆ ಅಲ್ಲಿ ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕೆರೆಗಳ ಮಟ್ಟಿಗೆ ಇದು ತಪ್ಪು. ಎಣಿಕೆಯನ್ನು ತೆಪ್ಪದಿಂದ, ದೊಡ್ಡ ಬಲೆಯಿಂದ ಶುರು ಮಾಡಿದರೆ ಹೆಂಗಸರು ಕಾಣುವುದಿಲ್ಲ, ನಿಜ. ಮೊಣಕಾಲುದ್ದ ನೀರಿನಿಂದ ಶುರು ಮಾಡಿ ನೋಡಿ.

ಮೊದಲು ಬೇಟೆಯ ವಿಷಯ ಮುಗಿಸಿಬಿಡುತ್ತೇವೆ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಕುರುಚಲು ಕಾಡಿನಲ್ಲಿ ಹಿಂದೆ ಹಬ್ಬದ ಬೇಟೆ ನಡೆಯುತ್ತಿತ್ತು. ಮೊಲದ ಬಲೆಯನ್ನು ಕವೆಗೋಲುಗಳ ಮೇಲೆ ಸಡಿಲವಾಗಿ ನಿಲ್ಲಿಸಿ, ಎದುರು ದಿಕ್ಕಿನಿಂದ ಗದ್ದಲ ಮಾಡುತ್ತ ಸೋವಿಕೊಂಡು ಬರುವುದು. ಓಡಿ ಬಂದ ಮೊಲ ಬಡಿದರೆ ಬಲೆ ಅದರ ಮೇಲೇ ಬೀಳಬೇಕು. ಬಿಗಿಯಾಗಿ ಕಟ್ಟಿದರೆ ಮೊಲ ಪುಟಿದು ಪಾರಾಗುತ್ತದೆ. ಸೋವುವವರಿಲ್ಲದೆ ಬಲೆಯಿಂದ ಏನೂ ಆಗದು, ಆದರೂ ಬೇಟೆಗಾರ ಅನ್ನಿಸಿಕೊಳ್ಳುತ್ತಿದ್ದವನು ಬಲೆಯ ಪಕ್ಕ ದೊಣ್ಣೆ ಹಿಡಿದು ಕೂತವನು. ಇದೆಲ್ಲ ಹಳೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ, ಗೌಜಲು, ಉಡ ಯಾವುದನ್ನು ಹಿಡಿದರೂ ಅಪರಾಧ. ಅದನ್ನು ಮತ್ತೆ ತನ್ನಿ ಎಂದು ನಾವು ಕೇಳುತ್ತಿಲ್ಲ. ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಇದೆ, ಜೋಗಿಮಟ್ಟಿಯಲ್ಲಿ ಚಿರತೆ, ಕರಡಿ ಇವೆ. ಹಂದಿಗೆಂದು ಬ್ರೇಕ್ ವೈರಿನಲ್ಲಿ ಒಡ್ಡಿದ ಉರುಲಿಗೆ ಯಾವುದರ ಕುತ್ತಿಗೆ ಎಂಬುದು ಗೊತ್ತಾಗುವುದಿಲ್ಲ. ಪರಂಪರೆಯ ಹೆಸರಿನಲ್ಲಿ ಉರುಲನ್ನು ಸಮರ್ಥಿಸುವವರ ಜೊತೆ ನಮ್ಮನ್ನು ಸೇರಿಸಬೇಡಿ.

ಹೊರದೇಶದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೇಳಬೇಕು. ಪಶ್ಚಿಮ ಆಸ್ಟ್ರೇಲಿಯಾದ ಮಾರ್ತು ಜನರಲ್ಲಿ ಹೆಂಗಸರು ಹುಲ್ಲಿಗೆ ಬೆಂಕಿ ಇಟ್ಟು, ಬಿಲದ ಬಾಯಿ ಹುಡುಕಿ, ಕೋಲಿನಿಂದ ಅಗೆದು ಉಡ ಹಿಡಿಯುತ್ತಾರೆ. ಗಂಡಸರು ಕಾಂಗರೂ ಹಿಂದೆ ಹೋಗುತ್ತಾರೆ. ಕಾಂಗರೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬರಿಗೈ. ಉಡ ಮಾತ್ರ ಹೆಚ್ಚುಕಡಿಮೆ ಖಾತ್ರಿ. ಕೆರೆಯಂಚಿನ ಮೀನಿನ ಲೆಕ್ಕವೂ ಹೀಗೇ. ಒಬ್ಬೊಬ್ಬರಿಗೆ ಸಿಗುವುದು ಸೇರು, ಅಚ್ಚೇರು. ಆದರೆ ನೀರಿರುವಷ್ಟು ದಿನ ಸಿಗುತ್ತಲೇ ಇರುತ್ತದೆ, ನೇರವಾಗಿ ಮನೆಯ ಒಲೆಗೆ ಹೋಗುತ್ತದೆ, ಯಾವ ತಕ್ಕಡಿಯನ್ನೂ ಹತ್ತುವುದಿಲ್ಲ. ತಕ್ಕಡಿ ಹತ್ತದ ಮೀನು ಸರ್ಕಾರದ ಲೆಕ್ಕಕ್ಕೂ ಸಿಗುವುದಿಲ್ಲ.

ಅಂಚಿನ ಮೀನುಗಾರಿಕೆಯ ಮುಖ್ಯ ಸಾಧನ ತಳವಿಲ್ಲದ ಬಿದಿರ ಬುಟ್ಟಿ. ಕೆಳಬಾಯಿ ಎರಡಡಿ ಅಗಲ, ಮೇಲ್ಬಾಯಿ ಮುಕ್ಕಾಲಡಿ, ಎತ್ತರ ಎರಡಡಿ. ಸೀಳುಗಳ ನಡುವೆ ಒಂದು ಬೆರಳಿನ ಸಂದು. ಕೆಳಗಿನ ಕೊನೆಯ ಕಟ್ಟಿನಿಂದ ಆಚೆ ಮೂರು–ನಾಲ್ಕು ಇಂಚು ಸೀಳುಗಳು ಚೂಪಾಗಿ ಹೊರಗೆ ಉಳಿದಿರಬೇಕು, ಏಕೆಂದರೆ ಕೆಸರಿನಲ್ಲಿ ಕಚ್ಚಿ ನಿಲ್ಲುವುದು ಆ ಹಲ್ಲುಗಳೇ. ಹಲ್ಲು ಮೊಂಡಾದ ಬುಟ್ಟಿ ಕೆಸರಿನ ಮೇಲೆ ಕೂತಂತೆ ಕಂಡರೂ ಅಡಿಯಲ್ಲಿ ಸಂದು ಬಿಟ್ಟಿರುತ್ತದೆ, ಕೊರವ ಮೀನಿಗೆ ಅಷ್ಟು ಸಾಕು. ನೀರು ಮೊಣಕಾಲಿಂದ ತೊಡೆಯವರೆಗೆ ಇರಬೇಕು. ಅದಕ್ಕಿಂತ ಆಳವಾದರೆ ಮೇಲ್ಬಾಯಿಯಿಂದ ಇಳಿಸಿದ ಕೈ ನೆಲ ಮುಟ್ಟುವುದಿಲ್ಲ.

ಇದು ಒಬ್ಬರ ಕೆಲಸವಲ್ಲ. ಎಂಟು–ಹತ್ತು ಜನ ಒಂದು ಮಾರು ಅಂತರದಲ್ಲಿ ಸಾಲಾಗಿ ನಿಂತು ಆಳದ ಕಡೆಯಿಂದ ದಡದ ಕಡೆಗೆ ಬರಬೇಕು. ಕಾಲಿನಿಂದ ನೀರು ಕದಡುತ್ತ ಬರುವುದು ಮುಖ್ಯ, ತಿಳಿನೀರಿನಲ್ಲಿ ಮೀನು ಬುಟ್ಟಿಯ ನೆರಳು ಕಂಡೇ ಓಡುತ್ತದೆ. ಕೊರವ, ಮೀಸೆ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುವ ಜಾತಿಯವು. ಗುಳ್ಳೆ ಎದ್ದ ಜಾಗಕ್ಕಲ್ಲ, ಗುಳ್ಳೆಯಿಂದ ಒಂದು ಹೆಜ್ಜೆ ಮುಂದಕ್ಕೆ ಬುಟ್ಟಿ ಒತ್ತಬೇಕು. ಒತ್ತಿದ ಮೇಲೆ ತಕ್ಷಣ ಎತ್ತಬಾರದು. ಹೊಟ್ಟೆಯಿಂದ ಬುಟ್ಟಿಯನ್ನು ಅದುಮಿ ಹಿಡಿದು, ಹಿಮ್ಮಡಿಯಿಂದ ಸುತ್ತಲೂ ಕೆಸರು ತುಳಿದು, ಕೈಯನ್ನು ಸೀಳುಗಳ ಮೇಲಿಟ್ಟು ಕಾಯಬೇಕು. ಮೀನಿದ್ದರೆ ಟಪ್ ಎಂದು ಬಡಿಯುವುದು ಅಂಗೈಗೆ ತಿಳಿಯುತ್ತದೆ. ಕೊರವ ಮೇಲ್ಬಾಯಿಯಿಂದಲೇ ಜಿಗಿಯುತ್ತದೆ, ಅದಕ್ಕೆ ಒಂದು ಕೈ ಒಳಗೆ ಹೋದಾಗ ಇನ್ನೊಂದು ತೋಳು ಬಾಯಿಗೆ ಅಡ್ಡ ಇರಬೇಕು.

ಒಳಗೆ ಕೈ ಹಾಕಿದವರಿಗೆ ಗೊತ್ತು, ಇದರಲ್ಲಿ ಅಪಾಯಕಾರಿ ಎಂದರೆ ಚೇಳುಮೀನು. ಅದರ ಎದೆಯ ಎರಡು ಪಕ್ಕದ ಮುಳ್ಳಿನಲ್ಲಿ ನಂಜು ಇರುತ್ತದೆ, ಚುಚ್ಚಿದರೆ ತೋಳಿನವರೆಗೆ ಉರಿ ಏರುತ್ತದೆ. ಹಿಡಿಯುವಾಗ ಬಾಲದಿಂದ ತಲೆಯ ಕಡೆಗೆ ಕೈ ಸರಿಸಿದರೆ ಮುಳ್ಳು ನೆಟ್ಟಿತೆಂದೇ ಅರ್ಥ. ತಲೆಯ ಹಿಂದಿನಿಂದ ಹಿಡಿದು, ಎರಡೂ ಮುಳ್ಳು ಬೆರಳುಗಳ ಸಂದಿನಿಂದ ಹೊರಗೆ ಚಾಚಿಕೊಳ್ಳುವಂತೆ ಬಿಗಿಯಬೇಕು. ಚುಚ್ಚಿಸಿಕೊಂಡವರು ಸುಣ್ಣ, ಅರಿಶಿನ ಎಂದು ಹೊತ್ತು ಕಳೆಯದೆ ಕೈ ತಾಳುವಷ್ಟು ಬಿಸಿ ಇರುವ ನೀರಿನಲ್ಲಿ ಅರ್ಧ ಗಂಟೆಯಾದರೂ ಅದ್ದಿಡಬೇಕು. ನಂಜು ಬಿಸಿಗೆ ಕುಗ್ಗುತ್ತದೆ. ಮುಳ್ಳಿನ ತುದಿ ಒಳಗೇ ಮುರಿದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು, ಇಲ್ಲವಾದರೆ ಕೀವು ಕಟ್ಟುತ್ತದೆ.

ಇನ್ನು ಸೀರೆ ಹಿಡಿದು ಪಕ್ಕೆ ಎಂಬ ಸಣ್ಣ ಮೀನು, ಸೀಗಡಿ ಗೋರುವುದು. ಇಬ್ಬರು ಹಳೇ ಹತ್ತಿ ಸೀರೆಯ ಎರಡು ತುದಿ ಹಿಡಿದು, ಕೆಳಗಿನ ಮೂಲೆಗಳನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ, ಜೊಂಡಿನ ಬುಡದ ಕಡೆಗೆ ಒಂದೇ ಸಮನೆ ನಡೆದು ಥಟ್ಟನೆ ಎತ್ತುತ್ತಾರೆ. ಒಬ್ಬರು ಮೊದಲು ಎತ್ತಿ ಇನ್ನೊಬ್ಬರು ತಡಮಾಡಿದರೆ ಮೀನೆಲ್ಲ ಒಂದು ಪಕ್ಕದಿಂದ ಚೆಲ್ಲಿಹೋಗುತ್ತದೆ. ಈಗೀಗ ಸೀರೆಯ ಬದಲು ಸೊಳ್ಳೆಪರದೆ ಬಂದಿದೆ. ನೀರು ಬೇಗ ಸೋರುತ್ತದೆ, ಎತ್ತಲು ಹಗುರ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಅದರ ಕಣ್ಣಿನಿಂದ, ಅಂದರೆ ಎಳೆಗಳ ನಡುವಿನ ಸಣ್ಣ ತೂತಿನಿಂದ, ಏನೂ ತಪ್ಪಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಬೆರಳುದ್ದದ ಕಾಟ್ಲಾ, ರೋಹು ಮರಿಗಳು ಮೊದಲ ಕೆಲವು ವಾರ ಅಂಚಿನಲ್ಲೇ ಇರುತ್ತವೆ. ಅಲ್ಲಿ ಪರದೆ ಎಳೆದರೆ ಬುಟ್ಟಿ ತುಂಬ ಬರುವುದು ಬರುವ ವರ್ಷದ ಎರಡು ಕಿಲೋ ಮೀನುಗಳೇ. ಗುತ್ತಿಗೆದಾರರು ಹೆಂಗಸರನ್ನು ಕೆರೆಯಿಂದ ಓಡಿಸುವುದಕ್ಕೆ ಕೊಡುವ ಕಾರಣ ಇದೇ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪರದೆಯನ್ನು ನಿಷೇಧಿಸಲಿ, ನಮ್ಮ ಒಪ್ಪಿಗೆ ಇದೆ. ಒಂದು ಬೆರಳಿನ ಸಂದಿರುವ ಬುಟ್ಟಿಯಿಂದ ಮರಿ ಸಲೀಸಾಗಿ ಆಚೆ ಹೋಗುತ್ತದೆ, ಅದನ್ನೂ ಸೇರಿಸಿ ಓಡಿಸುವುದು ಯಾವ ನ್ಯಾಯ?

ಕೊರವದ ವಿಷಯದಲ್ಲಿ ಹೆಂಗಸರು ಪಾಲಿಸಿಕೊಂಡು ಬಂದ ಒಂದು ಕಟ್ಟಳೆ ಉಂಟು. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಆಡುತ್ತಿದ್ದರೆ ಅದರಡಿಯಲ್ಲಿ ತಂದೆತಾಯಿ ಮೀನು ಕಾವಲಿರುತ್ತವೆ. ಗಾಳ ಬಿಟ್ಟರೆ ಸಿಟ್ಟಿಗೆ ಬಂದು ಕಚ್ಚುತ್ತವೆ, ಸುಲಭದ ತುತ್ತು. ಕಾವಲಿನವನ್ನು ಎತ್ತಿದ ದಿನವೇ ಮರಿಗಳು ಬೇರೆ ಮೀನಿನ ಹೊಟ್ಟೆ ಸೇರುತ್ತವೆ. ಹಾಗಾಗಿ ಮರಿ ಕಂಡ ಜಾಗದಲ್ಲಿ ಬುಟ್ಟಿ ಒತ್ತುವುದಿಲ್ಲ. ಹವ್ಯಾಸಕ್ಕೆಂದು ಪೇಟೆಯಿಂದ ರಾಡು, ರೀಲು ಹಿಡಿದು ಬರುವವರು ಕೆಂಪು ಗುಂಪನ್ನೇ ಹುಡುಕಿಕೊಂಡು ಹೋಗುವುದನ್ನು ಯಾರೂ ಕೇಳುವುದಿಲ್ಲ.

ಈಗ ತೆಪ್ಪದ ಮಾತಿಗೆ ಬರೋಣ. ಸೂಳೆಕೆರೆಯಲ್ಲಾಗಲಿ, ವಾಣಿವಿಲಾಸ ಸಾಗರದಲ್ಲಾಗಲಿ ಒಂದು ಹರಿಗೋಲಿಗೆ ಇಬ್ಬರು ಬೇಕು: ಒಬ್ಬರು ಹುಟ್ಟು ಹಾಕುವುದು, ಒಬ್ಬರು ಬಲೆ ಬಿಡುವುದು. ಗಂಡ ಹೆಂಡತಿ ಜೋಡಿಯಾದರೆ ಸಾಮಾನ್ಯವಾಗಿ ಹುಟ್ಟು ಹೆಂಡತಿಯ ಕೈಲಿ. ಹೊರಗಿನಿಂದ ನೋಡುವವರಿಗೆ ಬಲೆ ಬಿಡುವವನು ಮೀನುಗಾರ, ಹುಟ್ಟು ಹಾಕುವವಳು ಜೊತೆಗಾರ್ತಿ. ಬಲೆ ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ನೀರಿನಲ್ಲಿ ಪರದೆಯಂತೆ ನಿಲ್ಲುವ ನಿಲುಬಲೆಯನ್ನು ಹಗ್ಗಕ್ಕೆ ಅದರ ಉದ್ದಕ್ಕೆ ಸರಿಯಾಗಿ ಕಟ್ಟುವುದಿಲ್ಲ. ಸುಮಾರು 100 ಮೀಟರ್ ಬಲೆಯನ್ನು 50 ಮೀಟರ್ ಮೇಲ್ಹಗ್ಗಕ್ಕೆ ನೆರಿಗೆ ಕೂಡಿಸಿ ಕಟ್ಟುತ್ತಾರೆ. ಆಗಲೇ ಕಣ್ಣು ವಜ್ರದಾಕಾರದಲ್ಲಿ ತೆರೆದು, ಬಲೆ ಸಡಿಲವಾಗಿ ಜೋಲುತ್ತದೆ. ಮೀನಿನ ತಲೆ ಒಳಗೆ ಹೋಗಿ ಕಿವಿರಿನಲ್ಲಿ ನೂಲು ಸಿಕ್ಕಬೇಕಾದರೆ ಆ ಸಡಿಲ ಬೇಕು. ಮೇಲೆ ಬೆಂಡು, ಕೆಳಗೆ ಗುಂಡು. ಗುಂಡಿನ ಭಾರ ಹೆಚ್ಚಾದರೆ ಇಡೀ ಬಲೆ ತಳ ಸೇರುತ್ತದೆ, ಬೆಂಡು ಹೆಚ್ಚಾದರೆ ಗಾಳಿಗೆ ಕೊಚ್ಚಿಹೋಗುತ್ತದೆ. ಕಣ್ಣಿನ ಅಳತೆಯೆಂದರೆ ಕಣ್ಣನ್ನು ಎಳೆದು ಹಿಡಿದಾಗ ಈ ಗಂಟಿನಿಂದ ಎದುರು ಗಂಟಿಗೆ ಇರುವ ದೂರ. ಎರಡು–ಎರಡೂವರೆ ಇಂಚಿಗೆ ಜಿಲೇಬಿ ಮೀನು (ತಿಲಾಪಿಯಾ), ನಾಲ್ಕು ಇಂಚಿನ ಮೇಲೆ ಕಾಟ್ಲಾ, ರೋಹು. ಸಂಜೆ ಬಿಟ್ಟ ಬಲೆ ಬೆಳಗಿನ ಜಾವ ಎತ್ತಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಕಿಗೆ ನೂಲು ಕಾಣುವುದರಿಂದ ಬೀಳುವುದು ಕಡಿಮೆ.

ಇಷ್ಟೂ ಲೆಕ್ಕಾಚಾರ ನೀರಿನಲ್ಲಿ ಉಳಿಯುವುದು ಹುಟ್ಟಿನ ವೇಗದಿಂದ. ಹುಟ್ಟು ಜೋರಾದರೆ ಬಲೆ ಬಿಗಿದು ತಂತಿ ಬೇಲಿಯಂತೆ ನಿಲ್ಲುತ್ತದೆ, ಮೀನು ಬಡಿದು ಹಿಂದೆ ಹೋಗುತ್ತದೆ. ನಿಧಾನವಾದರೆ ಬಲೆ ಒಂದೇ ಕಡೆ ಗುಡ್ಡೆ ಬಿದ್ದು ಬೆಳಿಗ್ಗೆ ಬಿಡಿಸಲಾಗದ ಗಂಟಾಗುತ್ತದೆ. ಹರಿಗೋಲು ದುಂಡಗಿರುವುದರಿಂದ ಒಂದೇ ಪಕ್ಕ ಹುಟ್ಟು ಹಾಕಿದರೆ ಗಿರಕಿ ಹೊಡೆಯುತ್ತದೆ. ಮುಂದೆ ಕೂತು ಎಡ–ಬಲ ಅಲುಗಿಸುತ್ತ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಗಾಳಿ ಹರಿಗೋಲನ್ನು ಬಲೆಯಿಂದ ದೂರಕ್ಕೆ ತಳ್ಳುವ ದಿಕ್ಕನ್ನು ಹಿಡಿಯಬೇಕು, ತಪ್ಪಿದರೆ ಬಿಟ್ಟ ಬಲೆ ಹರಿಗೋಲಿನ ಅಡಿಗೇ ಬಂದು ಸುತ್ತಿಕೊಳ್ಳುತ್ತದೆ. ಬಲೆ ಬಿಡುವ ಕೈ ಹುಟ್ಟಿನ ಕೈಯನ್ನು ಹಿಂಬಾಲಿಸುತ್ತದೆ, ಅಷ್ಟೆ. ಮೀನು ಬೀಳಲಿಲ್ಲ ಎಂದರೆ ಬೈಗುಳ ಯಾರಿಗೆ ಬೀಳುತ್ತದೆ ಎಂದು ಯಾವ ಮೀನುಗಾರರ ಕೇರಿಯಲ್ಲಾದರೂ ಕೇಳಿ ನೋಡಿ, ನಿಜವಾದ ಜವಾಬ್ದಾರಿ ಯಾರದೆಂದು ಅಲ್ಲೇ ತಿಳಿಯುತ್ತದೆ.

ದಡಕ್ಕೆ ಬಂದ ಮೇಲೆ ಮೀನು ಬಿಡಿಸುವುದು. ಕಿವಿರು ದಾಟಿ ಸಿಕ್ಕ ಮೀನನ್ನು ಹಿಂದಕ್ಕೆ ಎಳೆದರೆ ಕಿವಿರು ಹರಿದು ರಕ್ತ ಸುರಿಯುತ್ತದೆ, ಅಂಥ ಮೀನು ಬೇಗ ಕೆಡುತ್ತದೆ, ಜೊತೆಗೆ ಬಲೆಯೂ ಹರಿಯುತ್ತದೆ. ಅದು ಬಂದ ದಿಕ್ಕಿನಲ್ಲೇ ಮುಂದಕ್ಕೆ ದಾಟಿಸಬೇಕು, ಮೈ ದಪ್ಪವಿದ್ದರೆ ಕೊಕ್ಕೆಯಿಂದ ನೂಲನ್ನು ಕಿವಿರಿನ ಮೇಲಿಂದ ಜಾರಿಸಬೇಕು. ಜಿಲೇಬಿಯ ಬೆನ್ನುಮುಳ್ಳನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮಲಗಿಸಿಕೊಂಡೇ ಮುಟ್ಟಬೇಕು. ಬಲೆಯಲ್ಲಿ ಆಮೆ ಸಿಕ್ಕಿದ್ದರೆ ನೂಲು ಕತ್ತರಿಸಿಯಾದರೂ ಸರಿ, ಬಿಟ್ಟುಬಿಡಬೇಕು. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿಗಿರುವಷ್ಟೇ ರಕ್ಷಣೆ ಅದಕ್ಕೂ.

ಬಲೆ ತೇಪೆಯ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಬಳ್ಳಾರಿ ಜಾಲಿ ಬೆಳೆದ ಕೆರೆಯಂಗಳದಲ್ಲಿ ನೀರು ನಿಂತರೆ ಬಲೆಗೆ ಅದೇ ಶತ್ರು. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಹಿನ್ನೀರಿನ ಅಂಚಿನ ಗಿಡಗಂಟಿಗಳೂ ಮುಳುಗಿದವು. ಅಂಥ ಕಡೆ ಬಿಟ್ಟ ಬಲೆ ತೂತಿಲ್ಲದೆ ಮೇಲೆ ಬರುವುದಿಲ್ಲ. ತೂತನ್ನು ಹಾಗೇ ಕೂಡಿಸಿ ಹೊಲಿದರೆ ಆ ಜಾಗದಲ್ಲಿ ಬಲೆ ಮುದುಡಿ, ಸುತ್ತಲಿನ ಕಣ್ಣುಗಳು ಎಳೆದು ಮುಚ್ಚಿಕೊಳ್ಳುತ್ತವೆ. ಅದಕ್ಕೆ ಮೊದಲು ತೂತನ್ನು ಇನ್ನೂ ದೊಡ್ಡದು ಮಾಡಬೇಕು! ಹರಿದ ಅಂಚಿನ ನೂಲುಗಳನ್ನು ಒಂದೊಂದೇ ಕತ್ತರಿಸುತ್ತ ಹೋಗಿ, ಅಂಚಿನ ಪ್ರತಿ ಗಂಟಿಗೂ ಎರಡೇ ಎಳೆ ಉಳಿಯುವಂತೆ ಮಾಡಬೇಕು. ಮೇಲ್ತುದಿಯ ಒಂದು ಗಂಟು, ಕೆಳತುದಿಯ ಒಂದು ಗಂಟು ಮಾತ್ರ ಮೂರೆಳೆಯವಾಗಿ ಉಳಿಯಬೇಕು. ಮೇಲಿನ ಮೂರೆಳೆ ಗಂಟಿನಲ್ಲಿ ನೂಲು ಕಟ್ಟಿ, ಸಾಲು ಸಾಲಾಗಿ ಅಡ್ಡಕ್ಕೆ ಕಣ್ಣು ಹೆಣೆಯುತ್ತ ಇಳಿದು, ಕೆಳಗಿನ ಮೂರೆಳೆ ಗಂಟಿನಲ್ಲಿ ಮುಗಿಸಬೇಕು. ಕೊನೆಗೆ ಒಂದೆಳೆ ಹೆಚ್ಚು ಉಳಿದರೂ ಕಮ್ಮಿ ಬಿದ್ದರೂ ಕತ್ತರಿಸುವಾಗಲೇ ಎಡವಿದ್ದೇವೆ ಎಂದು ತಿಳಿಯಬೇಕು, ಬಿಚ್ಚಿ ಮತ್ತೆ ಶುರು ಮಾಡಬೇಕು. ಕಣ್ಣಿನ ಅಳತೆಗೆ ಬಿದಿರ ಪಟ್ಟಿ ಇಟ್ಟುಕೊಳ್ಳುತ್ತಾರೆ, ಪಳಗಿದವರಿಗೆ ಎರಡು ಬೆರಳೇ ಪಟ್ಟಿ. ನೈಲಾನ್ ತಂತಿಬಲೆಯಲ್ಲಿ ಗಂಟು ಜಾರುವುದೇ ದೊಡ್ಡ ತಲೆನೋವು. ಅದಕ್ಕೆ ಗಂಟಿನ ಕುಣಿಕೆಯನ್ನು ಎರಡು ಸುತ್ತು ಹಾಕಿ, ಒದ್ದೆ ಮಾಡಿ ಬಿಗಿಯಬೇಕು. ಮಾರು ಅಗಲದ ತೂತಿಗೆ ಒಂದಿಡೀ ಹಗಲು ಬೇಕು. ಈ ಹಗಲಿಗೆ ಕೂಲಿ ಇಲ್ಲ, ಏಕೆಂದರೆ ಇದು ಮನೆಗೆಲಸದ ಲೆಕ್ಕಕ್ಕೆ ಹೋಗಿದೆ.

ಹರಿಯುವ ನೀರಿನಲ್ಲಿ ಒಡ್ಡುವ ಕೂಳಿಯ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯ. ಗದ್ದೆಯ ಮಡೆಗೆ, ಭದ್ರಾ ನಾಲೆಯ ಸೀಳುಗಾಲುವೆಗೆ, ಕೋಡಿಯ ಕೆಳಗೆ ಇಡುವ ಈ ಬುಟ್ಟಿಗೆ ಒಳಬಾಯಿಯಲ್ಲಿ ಬಿದಿರ ಕಡ್ಡಿಗಳು ಒಳಮುಖವಾಗಿ ಚೂಪಾಗಿ ಸೇರುವಂತೆ ಕಟ್ಟಿರುತ್ತಾರೆ. ಒಳಗೆ ಹೋದ ಮೀನು ಹಿಂದಿರುಗಲಾರದು. ನಾಲೆ ನಿಲ್ಲಿಸುವ ಕಾಲದಲ್ಲಿ, ನೀರು ಇಳಿಮುಖವಾಗಿರುವಾಗ ಇಟ್ಟರೆ ತೊಂದರೆಯಿಲ್ಲ, ಆ ಮೀನು ಹೇಗೂ ಗುಂಡಿಯಲ್ಲಿ ಒಣಗಿ ಸಾಯುವಂಥದ್ದು. ಮೃಗಶಿರ, ಆರಿದ್ರಾ ಮಳೆಗೆ ಹೊಸನೀರು ಕಂಡು ಮೊಟ್ಟೆ ತುಂಬಿದ ಮೀನು ಹಳ್ಳ ಹತ್ತುವಾಗ ಇಟ್ಟರೆ ಅದು ಹೊಟ್ಟೆಗೆ ಹೊಡೆದುಕೊಂಡಂತೆ. ಒಂದು ತಾಯಿಮೀನಿನ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇರುತ್ತವೆ. ಆ ಎರಡು ಮಳೆಗಳಲ್ಲಿ ಕೂಳಿ ಎತ್ತಿಡಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರ ಮಾತು.

ವಿಷ ಹಾಕುವುದರ ಬಗ್ಗೆ ಎರಡು ಅಭಿಪ್ರಾಯ ಇಲ್ಲ. ಹಿಂದೆ ಬತ್ತುತ್ತಿರುವ ಹೊಂಡಕ್ಕೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಕಳ್ಳಿಹಾಲು ಬಿಡುತ್ತಿದ್ದರು, ಮೀನು ಮಂಕಾಗಿ ತೇಲುತ್ತಿತ್ತು. ಈಗ ಬ್ಲೀಚಿಂಗ್ ಪೌಡರು, ಹೊಲದ ಕೀಟನಾಶಕ. ಹುಳು, ಕಪ್ಪೆ, ಮರಿ, ಏಡಿ ಎಲ್ಲ ಹೋಗುತ್ತವೆ, ಅದೇ ನೀರನ್ನು ದನಗಳೂ ಕುಡಿಯುತ್ತವೆ. ನೀರಿಗೆ ವಿಷ ಬೆರೆಸುವುದು, ಸಿಡಿಮದ್ದು ಸಿಡಿಸುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧವೇ. ಹೊಸ ಕಾನೂನು ಬೇಕಿಲ್ಲ.

ಒಣಮೀನಿನ ಬಗ್ಗೆ ಎರಡು ಮಾತು. ಪಕ್ಕೆಯಂಥ ಸಣ್ಣ ಮೀನಿಗೆ ಉಪ್ಪು ಬೇಡ, ನೇರ ಬಿಸಿಲು ಸಾಕು. ಜಿಲೇಬಿ, ಗೆಂಡೆಯಾದರೆ ಹೊಟ್ಟೆ ತೆಗೆದು, ಬೆನ್ನಿನ ಕಡೆಯಿಂದ ಸೀಳಿ, ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪಿನಂತೆ ಸವರಿ ಒಂದು ರಾತ್ರಿ ಇಟ್ಟು, ಮೇಲುಪ್ಪು ತೊಳೆದು ಒಣಗಿಸಬೇಕು. ನೆಲದ ಮೇಲೆ, ರಸ್ತೆಯ ಮೇಲೆ ಹರಡಿದರೆ ಮಣ್ಣು ಹಿಡಿಯುವುದಲ್ಲದೆ ಅಡಿಭಾಗ ಬೆವರಿ ನೊಣ ಮೊಟ್ಟೆ ಇಡುತ್ತದೆ. ಸೊಂಟದೆತ್ತರದ ತಟ್ಟಿಯ ಮೇಲೆ ಹಳೇ ಬಲೆ ಬಿಗಿದು ಹರಡಿದರೆ ಗಾಳಿ ಕೆಳಗಿಂದಲೂ ಆಡುತ್ತದೆ. ಮೊದಲ ದಿನ ಕಡು ಬಿಸಿಲಿಗೆ ದಪ್ಪ ಮೀನು ಇಟ್ಟರೆ ಹೊರಗೆ ಸಿಪ್ಪೆಗಟ್ಟಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ, ವಾರದಲ್ಲಿ ನಡುವಿನಿಂದ ವಾಸನೆ ಶುರು. ಆ ದಿನ ಮಧ್ಯಾಹ್ನ ನೆರಳಿಗೆ ತೆಗೆಯಬೇಕು. ಮಳೆಗಾಲದಲ್ಲಿ ಉಪ್ಪುಮೀನಿನ ಮೇಲೆ ನಸುಗೆಂಪು ಬಣ್ಣ ಕಂಡರೆ ಅದು ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿ, ಆ ಕಂತು ಮಾರಾಟಕ್ಕಿಲ್ಲ. ಇನ್ನು ಹಸಿ ಮೀನಿಗೆ ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸು ಬೇಕು, ಅದೂ ಪುಡಿ ಮಾಡಿದ್ದು. ಕರಗಿದ ನೀರು ಹೊರಗೆ ಹೋಗಲು ಪೆಟ್ಟಿಗೆಯಡಿ ತೂತಿರಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಸುತ್ತುವವರಿಗೆ ಇಷ್ಟು ಐಸು ಹೊರುವುದಕ್ಕೇ ಆಗುವುದಿಲ್ಲ, ಹಾಗಾಗಿ ಹನ್ನೊಂದು ಗಂಟೆಯ ಮೇಲೆ ಉಳಿದ ಮೀನು ಸಿಕ್ಕ ಬೆಲೆಗೆ ಹೋಗುತ್ತದೆ.

ಈಗ ಲೆಕ್ಕದ ಪ್ರಶ್ನೆ. ದೊಡ್ಡ ಕೆರೆಗಳ ಮೀನು ಹಕ್ಕು ಮೀನುಗಾರಿಕೆ ಇಲಾಖೆಯಿಂದ, ಸಣ್ಣ ಕೆರೆಗಳದು ಗ್ರಾಮ ಪಂಚಾಯಿತಿಯಿಂದ ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆ ಹಿಡಿದವರಿಗೆ ಇಡೀ ನೀರು ಅವರದೇ. ಬಿಟ್ಟು ಬೆಳೆಸಿದ ಕಾಟ್ಲಾ, ರೋಹು, ಮೃಗಾಲ್ ಅವರದು ಎನ್ನುವುದನ್ನು ಒಪ್ಪೋಣ. ಯಾರೂ ಬಿಡದ, ತಾನಾಗಿ ಹುಟ್ಟಿ ಬೆಳೆಯುವ ಪಕ್ಕೆ, ಕೊರವ, ಚೇಳುಮೀನು, ಸೀಗಡಿ, ಏಡಿ ಯಾರದು? ಮನೆಯ ಸಾರಿಗೆ ಆಗುವಷ್ಟನ್ನು ಬಿದಿರ ಬುಟ್ಟಿಯಿಂದ, ಕೈಯಿಂದ, ತೊಡೆಯಾಳದ ನೀರಿನಲ್ಲಿ ಊರಿನವರು ಹಿಡಿಯಬಹುದು ಎಂದು ಗುತ್ತಿಗೆಯ ಷರತ್ತಿನಲ್ಲೇ ಬರೆಯಲಿ. ಸೊಳ್ಳೆಪರದೆ ಕೂಡದು, ಮರಿ ಬಿಟ್ಟ ಮೇಲೆ ಎರಡು ತಿಂಗಳು ಅಂಚಿಗೆ ಇಳಿಯಕೂಡದು ಎಂದೂ ಅದರಲ್ಲೇ ಸೇರಿಸಲಿ. ಷರತ್ತು ಎರಡೂ ಕಡೆಗೆ ಇದ್ದರೆ ಜಗಳ ಕಮ್ಮಿ.

ಮೀನುಗಾರರ ಸಹಕಾರ ಸಂಘಗಳಲ್ಲಿ ಒಂದು ಮನೆಗೆ ಒಂದು ಷೇರು ಎಂಬ ರೂಢಿ ಇರುವ ಕಡೆ ಆ ಷೇರು ಗಂಡಸಿನ ಹೆಸರಿನಲ್ಲೇ ಇರುತ್ತದೆ. ಗಂಡ ತೀರಿಕೊಂಡರೆ, ಅಷ್ಟು ವರ್ಷ ಹುಟ್ಟು ಹಾಕಿದವಳು ಅರ್ಜಿ ಹಿಡಿದು ಮೀನುಗಾರಳೆಂದು ಸಾಬೀತು ಮಾಡಬೇಕು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕವೆಚ್ಚದ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60. ಹಾಗಾಗಿ ಸಹಾಯಧನದ ಅರ್ಜಿಗೆ ಮಾತ್ರ ಹೆಂಡತಿಯ ಹೆಸರು ತಟ್ಟನೆ ನೆನಪಾಗುತ್ತದೆ. ಸಂಘದ ಪುಸ್ತಕಕ್ಕೆ ಬರುವಾಗ ಮರೆತುಹೋಗುತ್ತದೆ. ಅದೇ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ: ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರದವರೆಗೆ. ಹರಿಗೋಲು ಮಗುಚಿದರೆ ಇಬ್ಬರೂ ನೀರಿಗೇ ಬೀಳುತ್ತಾರೆ. ಪಟ್ಟಿಯಲ್ಲಿ ಹೆಸರಿರುವುದು ಒಬ್ಬರದಾದರೆ ಪರಿಹಾರವೂ ಒಬ್ಬರಿಗೇ. ಒಂದು ಹರಿಗೋಲಿಗೆ ಪರವಾನಗಿ ಕೊಡುವಾಗ ಅದರಲ್ಲಿ ಹೋಗುವ ಇಬ್ಬರ ಹೆಸರನ್ನೂ ಬರೆದುಕೊಳ್ಳಲು ಯಾವ ಆದೇಶವೂ ಬೇಕಾಗಿಲ್ಲ, ಒಂದು ಗೆರೆ ಹೆಚ್ಚು ಎಳೆದರೆ ಸಾಕು. ಅಂಚಿನಲ್ಲಿ ಹಿಡಿಯುವವರು, ಬಲೆ ಹೆಣೆಯುವವರು, ಒಣಗಿಸುವವರು, ಹೊತ್ತು ಮಾರುವವರು ಎಲ್ಲರನ್ನೂ ಬೇರೆ ಬೇರೆ ಸಾಲಿನಲ್ಲಿ ದಾಖಲಿಸಿದರೆ ಸಂಖ್ಯೆ ಎಷ್ಟಾಗುತ್ತದೆ ಎಂದು ಇಲಾಖೆಗೂ ತಿಳಿಯುತ್ತದೆ.

ಕೊನೆಯದು, ತುರ್ತಿನದು. ಬೇಸಿಗೆಯಲ್ಲಿ ಹೂಳೆತ್ತುವ ಹೆಸರಿನಲ್ಲಿ, ಇಟ್ಟಿಗೆ ಗೂಡಿಗೆಂದು, ಹೊಲಕ್ಕೆಂದು ಕೆರೆಯಂಗಳದಲ್ಲಿ ಜೆಸಿಬಿಯಿಂದ ಎಲ್ಲೆಂದರಲ್ಲಿ ಗುಂಡಿ ತೋಡುತ್ತಾರೆ. ಬದಿಗಳು ಗೋಡೆಯಂತೆ ನೆಟ್ಟಗಿರುತ್ತವೆ. ಮಳೆ ಬಂದು ಕೆರೆ ತುಂಬಿದ ಮೇಲೆ ಮೊಣಕಾಲಾಳದ ನೀರಿನಲ್ಲಿ ಬುಟ್ಟಿ ಹಿಡಿದು ನಡೆಯುವವರಿಗೆ ಮುಂದಿನ ಹೆಜ್ಜೆ ಎರಡಾಳುದ್ದ ಎಂಬುದು ಕದಡಿದ ನೀರಿನಲ್ಲಿ ಕಾಣುವುದಿಲ್ಲ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಂದವರಿಗೂ ಕೈಕಾಲು ಆಡಿಸುವುದು ಕಷ್ಟ. ಹೂಳೆತ್ತಬೇಡಿ ಎನ್ನುವುದಿಲ್ಲ, ಕೆರೆಗೆ ಅದು ಬೇಕು. ದಡದಿಂದ ನಡುವಿಗೆ ಇಳಿಜಾರಾಗಿ ತೆಗೆಯಲಿ. ಏರಿಯ ಬುಡವನ್ನೂ ದನ ಇಳಿಯುವ ದಾರಿಯನ್ನೂ ಮುಟ್ಟದಿರಲಿ. ಈಗಾಗಲೇ ಬಿದ್ದಿರುವ ಗುಂಡಿಗಳ ಸುತ್ತ ಎತ್ತರದ ಗಳು ನೆಟ್ಟು ಬಟ್ಟೆ ಕಟ್ಟಲಿ, ನೀರು ತುಂಬಿದ ಮೇಲೂ ಕಾಣುವಂತೆ. ಮಣ್ಣು ತೆಗೆಯಲು ಅನುಮತಿ ಕೊಡುವಾಗಲೇ ಈ ಷರತ್ತುಗಳನ್ನು ಹಾಕಬೇಕು. ಗುಂಡಿ ತೋಡಿದವರು ಮಳೆಗಾಲಕ್ಕೆ ಊರಲ್ಲಿರುವುದಿಲ್ಲ.

ಇಂತಿ,
ಕೆರೆ ಮೀನುಗಾರಿಕೆಯಲ್ಲಿ ತೊಡಗಿರುವ ಮಹಿಳೆಯರು,
ಚನ್ನಗಿರಿ ಮತ್ತು ಹಿರಿಯೂರು ತಾಲ್ಲೂಕುಗಳು